ಅಪಘಾತ ಪರಿಹಾರದ ವಕೀಲಿಕೆಗೆ ಬೇಕಾದ ತಯಾರಿ

ಮಾನ್ಯ ಸಂಪಾದಕರೇ,

ರಸ್ತೆ ಅಪಘಾತದ ಪರಿಹಾರ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ದೊಡ್ಡ ಮೊತ್ತದ ತೀರ್ಪು ಬಂದಾಗ, ಇಲ್ಲವೇ ಪರಿಹಾರ ಕಟ್ಟದ ಸಾರಿಗೆ ಸಂಸ್ಥೆಯ ಬಸ್ಸನ್ನು ನ್ಯಾಯಾಲಯದ ಅಮೀನರು ನಿಲ್ದಾಣದಲ್ಲೇ ಜಪ್ತಿ ಮಾಡಿದಾಗ. ಅಪಘಾತದ ದಿನದಿಂದ ಅಲ್ಲಿಯವರೆಗೆ ವರ್ಷಗಟ್ಟಲೆ ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ‘ಎಂ.ವಿ.ಸಿ. (ಮೋಟಾರು ಅಪಘಾತ ಪರಿಹಾರದ) ಕೇಸು ತಾನೇ, ಯಾರು ಬೇಕಾದರೂ ನಡೆಸಬಹುದು’ ಎಂಬ ಮಾತು ಜನರ ಬಾಯಲ್ಲಿದೆ, ವಕೀಲರ ಸಂಘದ ಕೊಠಡಿಗಳಲ್ಲೂ ಇದೆ. ಈ ಉಡಾಫೆಗೆ ಬೆಲೆ ತೆರುವವರು ಕಾಲು ಕಳೆದುಕೊಂಡ ಗಾರೆ ಕೆಲಸದವರು, ದುಡಿಯುವ ಮಗನನ್ನು ಕಳೆದುಕೊಂಡ ಮನೆಯವರು. ಆ ಕೆಲಸ ಯಾವುದು, ಅದನ್ನು ಮಾಡುವ ವಕೀಲರು ಏನೇನು ಕಲಿತಿರಬೇಕು, ಕಡತ ಎಲ್ಲಿ ಕೆಡುತ್ತದೆ ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ಈ ಕ್ಷೇತ್ರಕ್ಕೆಂದು ಬೇರೆ ಪದವಿಯಿಲ್ಲ. ಮೂರು ಅಥವಾ ಐದು ವರ್ಷದ ಕಾನೂನು ಪದವಿ, 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಎಲ್ಲರ ದಾರಿಯೂ ಇದೇ. ನೋಂದಣಿಯ ಹೆಸರಿನಲ್ಲಿ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವ ರೂಢಿಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಕಾಯ್ದೆಯಲ್ಲಿರುವಂತೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮಾತ್ರ ಎಂದಿತು. ಹಳ್ಳಿಗಳಿಂದ ಬರುವ ಪದವೀಧರರಿಗೆ ಇದರಿಂದ ನಿಜಕ್ಕೂ ಅನುಕೂಲವಾಗಿದೆ. ಮೋಟಾರು ಅಪಘಾತದ ಕಾನೂನು ಕಾಲೇಜಿನಲ್ಲಿ ಟಾರ್ಟ್ ಪತ್ರಿಕೆಯ ಒಂದು ಭಾಗವಾಗಿ ಬರುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ. ನಿಜವಾದ ಕಲಿಕೆ ಶುರುವಾಗುವುದು ಸೀನಿಯರ್ ಆಫೀಸಿನಲ್ಲಿ. ಪೊಲೀಸ್ ದಾಖಲೆಗಳ ದೃಢೀಕೃತ ನಕಲಿಗೆ ಅರ್ಜಿ ಹಾಕುವುದು, ವಕಾಲತ್ತು ಸಲ್ಲಿಸುವುದು, ಪ್ರತಿವಾದಿಗಳಿಗೆ ನೋಟಿಸ್ ತಲುಪಿತೇ ಎಂದು ಬೆನ್ನು ಹತ್ತುವುದು, ಅರ್ಜಿದಾರರ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಬರೆಯುವುದು ಮೊದಲ ವರ್ಷಗಳ ದುಡಿಮೆ. ಬೆಂಗಳೂರಿನಲ್ಲಿ ಈ ಪ್ರಕರಣಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಜಿಲ್ಲಾ ನ್ಯಾಯಾಧೀಶರು ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರೇ ನ್ಯಾಯಮಂಡಳಿಯಾಗಿ ಕೂರುತ್ತಾರೆ.

ಮುಂದೆ ದಾರಿ ಕವಲೊಡೆಯುತ್ತದೆ. ಕೆಲವರು ಗಾಯಾಳುಗಳ ಪರ ಉಳಿಯುತ್ತಾರೆ, ಕೆಲವರು ವಿಮಾ ಕಂಪನಿಗಳ ಪ್ಯಾನೆಲ್ ಸೇರುತ್ತಾರೆ. ಪ್ಯಾನೆಲ್‌ನಲ್ಲಿ ಪ್ರಕರಣಕ್ಕೆ ಇಷ್ಟೆಂದು ನಿಗದಿಯಾದ ಶುಲ್ಕ ಕಡಿಮೆಯಾದರೂ ಕೆಲಸ ನಿರಂತರ. ಗಾಯಾಳುಗಳ ಪರ ಇರುವವರು ತಮ್ಮ ಶುಲ್ಕಕ್ಕಾಗಿ ತೀರ್ಪಿನವರೆಗೆ ಕಾಯಬೇಕಾಗುವುದೇ ಹೆಚ್ಚು, ಏಕೆಂದರೆ ಮುಂಗಡ ಕೊಡುವ ಸ್ಥಿತಿಯಲ್ಲಿ ಆ ಮನೆ ಇರುವುದಿಲ್ಲ. ಜೂನಿಯರ್‌ಗಳು ಈ ಕೆಲಸ ಬಿಟ್ಟು ಹೋಗುವುದು ಆಸಕ್ತಿ ಇಲ್ಲದೆ ಅಲ್ಲ, ಅಷ್ಟು ಕಾಲ ತಡೆದುಕೊಳ್ಳುವ ಶಕ್ತಿ ಇಲ್ಲದೆ. ಎರಡೂ ಕಡೆ ಕೆಲಸ ಮಾಡಿದವರು ಒಳ್ಳೆಯ ವಕೀಲರಾಗುವುದನ್ನು ನೋಡುತ್ತೇವೆ. ವಿಮಾ ಕಂಪನಿ ಕಡತದ ಯಾವ ಹಾಳೆಯನ್ನು ಮೊದಲು ತೆರೆಯುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಆ ಹಾಳೆ ಬಹುತೇಕ ಸಲ ಆಸ್ಪತ್ರೆಯದು. ಗಾಯಾಳುವನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ತಂದಾಗ ‘ಏನಾಯಿತು’ ಎಂಬ ಪ್ರಶ್ನೆಗೆ ಜೊತೆಗಿದ್ದವರು ಹೇಳಿದ್ದನ್ನು ವೈದ್ಯರು ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿ ಯಾರೋ ‘ಬೈಕಿನಿಂದ ಬಿದ್ದ’ ಎಂದರೆ ‘ಸ್ವತಃ ಬಿದ್ದದ್ದು’ ಎಂದು ದಾಖಲಾಗುತ್ತದೆ. ನಾಲ್ಕು ದಿನ ಬಿಟ್ಟು ‘ಲಾರಿ ಗುದ್ದಿ ಹೋಯಿತು’ ಎಂದು ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಇವೆರಡನ್ನೂ ಅಕ್ಕಪಕ್ಕ ಇಟ್ಟು ‘ವಾಹನವನ್ನು ಆಮೇಲೆ ಸೇರಿಸಲಾಗಿದೆ’ ಎಂದು ವಾದಿಸುತ್ತಾರೆ. ಸುಳ್ಳು ವಾಹನ ಸೇರಿಸಿದ ಪ್ರಕರಣಗಳು ಇರುವುದರಿಂದಲೇ ಈ ವಾದಕ್ಕೆ ಬೆಲೆ ಬಂದಿದೆ, ಪ್ರಾಮಾಣಿಕರೂ ಅದರಡಿ ಸಿಕ್ಕಿಕೊಳ್ಳುತ್ತಾರೆ. ದೂರು ತಡವಾಗಿದ್ದರೆ ಅದಕ್ಕೆ ಕಾರಣವನ್ನು, ಉದಾಹರಣೆಗೆ ಗಾಯಾಳು ಪ್ರಜ್ಞೆ ತಪ್ಪಿ ತೀವ್ರ ನಿಗಾ ಘಟಕದಲ್ಲಿದ್ದುದನ್ನು, ದೂರಿನಲ್ಲೇ ಬರೆಯಬೇಕು. ಪಾಟೀ ಸವಾಲಿನಲ್ಲಿ ಹೊಳೆದ ಕಾರಣವನ್ನು ಯಾರೂ ನಂಬುವುದಿಲ್ಲ.

ನುರಿತ ವಕೀಲರು ಅರ್ಜಿ ಬರೆಯುವ ಮೊದಲೇ ಒಟ್ಟುಮಾಡುವ ದಾಖಲೆಗಳು ಇವು: ಪ್ರಥಮ ವರ್ತಮಾನ ವರದಿ ಮತ್ತು ದೂರು, ಸ್ಥಳ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪಣ ಪಟ್ಟಿ, ಗಾಯವಾಗಿದ್ದರೆ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಮೂಲ ಬಿಲ್ಲುಗಳು, ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ, ಇವುಗಳ ಜೊತೆ ವಾಹನದ ನೋಂದಣಿ ಪತ್ರ, ವಿಮಾ ಪಾಲಿಸಿ, ಚಾಲನಾ ಪರವಾನಗಿ. ಬಿಲ್ಲುಗಳ ನಕಲು ಇಟ್ಟುಕೊಂಡು ಮೂಲವನ್ನು ಬೇರೆಲ್ಲೋ ಕೊಟ್ಟುಬಿಡುವುದು ಪದೇ ಪದೇ ಆಗುವ ತಪ್ಪು. ಮಹಜರಿನ ನಕ್ಷೆಯನ್ನು ಓದದೇ ಲಗತ್ತಿಸುವುದು ಇನ್ನೊಂದು. ಎರಡು ವಾಹನಗಳು ರಸ್ತೆಯ ಯಾವ ಬದಿಯಲ್ಲಿದ್ದವು, ರಸ್ತೆಯ ಅಗಲ ಎಷ್ಟು, ಬ್ರೇಕ್ ಗುರುತು ಎಲ್ಲಿತ್ತು ಎಂಬುದು ಆ ನಕ್ಷೆಯಲ್ಲಿರುತ್ತದೆ. ಗಾಯಾಳುವಿನ ಪಾಲಿನ ನಿರ್ಲಕ್ಷ್ಯವೆಂದು ಶೇ 25 ಕಡಿತವಾಗುವುದೂ, ಆಗದಿರುವುದೂ ಅನೇಕ ಸಲ ಅದರ ಮೇಲೆಯೇ ನಿಂತಿರುತ್ತದೆ.

ಕಾಲಮಿತಿಯ ವಿಷಯದಲ್ಲಿ ಜನರಿಗೆ ಹಳೆಯ ತಿಳಿವಳಿಕೆಯೇ ಉಳಿದಿದೆ. 1988ರ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಪರಿಹಾರ ಅರ್ಜಿಯ ಕಾಲಮಿತಿಯನ್ನೇ ತೆಗೆದುಹಾಕಿತ್ತು. ಆದರೆ 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, 166ನೇ ಕಲಂ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಇದರ ಸಿಂಧುತ್ವ ಸುಪ್ರೀಂ ಕೋರ್ಟ್ ಮುಂದಿದೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಅದು ಮಧ್ಯಂತರ ಆದೇಶ ನೀಡಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ಎಲ್ಲ ದಾಖಲೆ ಸೇರದಿದ್ದರೂ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಿ, ಉಳಿದದ್ದನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪುಣೆ ಹೆದ್ದಾರಿಯಲ್ಲಿ ಗಾಯಗೊಂಡ ರಾಯಚೂರಿನ ಕೂಲಿಕಾರ ಪುಣೆಗೆ ಅಲೆಯಬೇಕಾಗಿಲ್ಲ.

ಅದೇ 2022ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಗಾಯಾಳುಗಳಿಗೆ ನೇರ ಉಪಯೋಗವಾಗುವ ವ್ಯವಸ್ಥೆಯೊಂದಿದೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ಗಾಯಾಳುವಿನ ಹಕ್ಕುಗಳನ್ನು ವಿವರಿಸುವ ನಮೂನೆ 2ನ್ನು ಹತ್ತು ದಿನದೊಳಗೆ ಅವರ ಕೈಗೆ ಕೊಡಬೇಕು. ಇದರ ಪಾಲನೆ ಎಲ್ಲ ಠಾಣೆಗಳಲ್ಲಿ ಒಂದೇ ತೆರನಾಗಿಲ್ಲ. ವಕೀಲರು ಕೇಳಿದರೆ ಬರುತ್ತದೆ, ಕೇಳದಿದ್ದರೆ ಇಲ್ಲ.

ಇನ್ನು ಲೆಕ್ಕ. ಸಾವಿನ ಪ್ರಕರಣದಲ್ಲಿ ಪರಿಹಾರ ನ್ಯಾಯಾಧೀಶರ ಮರ್ಜಿಯದಲ್ಲ. 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು ಅದಕ್ಕೊಂದು ಸೂತ್ರ ಹಾಕಿಕೊಟ್ಟಿವೆ. 34 ವರ್ಷದ ಗಾರೆ ಕೆಲಸದವರೊಬ್ಬರು ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಬಿಟ್ಟು ತೀರಿಕೊಂಡರು ಎನ್ನಿ. ತಿಂಗಳ ಆದಾಯ 15,000 ರೂಪಾಯಿ ಎಂದು ಒಪ್ಪಿತವಾಯಿತು. ಸ್ವಂತ ದುಡಿಮೆಯವರು, 40ಕ್ಕಿಂತ ಕಡಿಮೆ ವಯಸ್ಸು. ಭವಿಷ್ಯದ ಆದಾಯ ಹೆಚ್ಚಳವೆಂದು ಶೇ 40 ಸೇರಿಸಿದರೆ 21,000. ಅವಲಂಬಿತರು ನಾಲ್ವರಾದ್ದರಿಂದ ಮೃತರ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದು 15,750, ವರ್ಷಕ್ಕೆ 1,89,000. ಈ ವಾರ್ಷಿಕ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು; 31ರಿಂದ 35ರ ವಯಸ್ಸಿಗೆ ಗುಣಕ 16. ಅವಲಂಬನೆಯ ನಷ್ಟ 30,24,000 ರೂಪಾಯಿ. ಇದರ ಮೇಲೆ ಸಾಹಚರ್ಯ ನಷ್ಟ (ಮೃತರ ಒಡನಾಟ, ಆಸರೆ ಕಳೆದುಕೊಂಡದ್ದಕ್ಕೆ) ಒಬ್ಬೊಬ್ಬರಿಗೆ 40,000, ಆಸ್ತಿ ನಷ್ಟ ಮತ್ತು ಅಂತ್ಯಕ್ರಿಯೆ ತಲಾ 15,000. ಈ ಮೂರೂ ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ.

ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ಮರಣೋತ್ತರ ವರದಿಯಲ್ಲಿ ವೈದ್ಯರು ಅಂದಾಜಿಗೆ ‘ಸುಮಾರು 36 ವರ್ಷ’ ಎಂದು ಬರೆದರು, ವಕೀಲರು ಅದನ್ನೇ ಅರ್ಜಿಗೆ ಇಳಿಸಿದರು. ಗುಣಕ 15ಕ್ಕಿಳಿಯಿತು, 1,89,000 ರೂಪಾಯಿ ಹೋಯಿತು. ಶಾಲೆಯ ವರ್ಗಾವಣೆ ಪತ್ರ ಮನೆಯಲ್ಲೇ ಇತ್ತು, ಯಾರೂ ಕೇಳಿರಲಿಲ್ಲ. ಆಧಾರ್ ಕಾರ್ಡಿಗಿಂತ ಶಾಲಾ ದಾಖಲೆಯ ಜನ್ಮದಿನಾಂಕವೇ ಹೆಚ್ಚು ನಂಬಲರ್ಹವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಇನ್ನೊಂದು ತಪ್ಪು ಇನ್ನೂ ದುಬಾರಿ. ತಾಯಿ ಬೇರೆ ಮಗನ ಜೊತೆ ಊರಲ್ಲಿದ್ದಾರೆಂದು ಅವರ ಹೆಸರನ್ನು ಅರ್ಜಿಯಲ್ಲಿ ಬಿಟ್ಟರೆ ಅವಲಂಬಿತರು ಮೂವರಾಗುತ್ತಾರೆ, ಕಡಿತ ಮೂರನೇ ಒಂದು ಭಾಗಕ್ಕೆ ಏರುತ್ತದೆ, ಅವಲಂಬನೆಯ ನಷ್ಟ 26,88,000ಕ್ಕೆ ಬರುತ್ತದೆ. 3,36,000 ರೂಪಾಯಿ ಒಂದು ಹೆಸರಿನ ಜೊತೆ ಹೋಯಿತು, ತಾಯಿಗೆ ಬರಬೇಕಿದ್ದ ಸಾಹಚರ್ಯದ ಮೊತ್ತವೂ ಹೋಯಿತು. ಅತ್ತೆ ಸೊಸೆಗೆ ಮಾತಿಲ್ಲವೆಂಬ ಕಾರಣಕ್ಕೆ ಹೀಗಾಗುವುದೂ ಉಂಟು. ಇಬ್ಬರನ್ನೂ ಕೂರಿಸಿಕೊಂಡು ಈ ಲೆಕ್ಕ ತೋರಿಸುವುದು ವಕೀಲರ ಕರ್ತವ್ಯದ ಭಾಗವೇ.

ಆದಾಯದ ಪುರಾವೆ ಇಲ್ಲದವರಿಗೆ ನ್ಯಾಯಮಂಡಳಿ ಕಾಲ್ಪನಿಕ ಆದಾಯ ಹಿಡಿಯುತ್ತದೆ. ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಳಿಗಾಗಿ ಮಾಡಿರುವ ವರ್ಷವಾರು ಪಟ್ಟಿಯನ್ನು ಹೈಕೋರ್ಟ್ ಕೂಡ ಆಧಾರವಾಗಿ ಬಳಸುತ್ತ ಬಂದಿದೆ. ಆದರೆ ಆ ಪಟ್ಟಿ ಪುರಾವೆ ಇಲ್ಲದವರಿಗೆ. ಕಟ್ಟಡ ಕಾರ್ಮಿಕರ ಗುರುತಿನ ಚೀಟಿ, ಹಾಲು ಉತ್ಪಾದಕರ ಸಂಘದ ಪಾಸ್ ಪುಸ್ತಕ, ಗುತ್ತಿಗೆದಾರರ ಹಾಜರಿ ಪುಸ್ತಕ, ಫೋನಿನ ಮೂಲಕ ಬಂದ ಕೂಲಿಯ ಬ್ಯಾಂಕ್ ವಿವರ ಹುಡುಕದೆ ನೇರ ಪಟ್ಟಿಗೆ ಕೈಹಾಕುವುದು ಸೋಮಾರಿತನ.

ಗಾಯದ ಪ್ರಕರಣ ಇದಕ್ಕಿಂತ ಕಷ್ಟ, ವಕೀಲರ ಸಾಮರ್ಥ್ಯ ತಿಳಿಯುವುದೂ ಅಲ್ಲಿಯೇ. ವೈದ್ಯರು ‘ಬಲಗಾಲಿಗೆ ಶೇ 45 ಅಂಗವೈಕಲ್ಯ’ ಎಂದು ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ನ್ಯಾಯಮಂಡಳಿಗಳಲ್ಲಿ ರೂಢಿಯಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ 15ನ್ನು, ಇಡೀ ದೇಹದ ಅಂಗವೈಕಲ್ಯವೆಂದು ಹಿಡಿಯುತ್ತಾರೆ. ಅದೇ 15,000 ಆದಾಯ, ಗುಣಕ 16. ಭವಿಷ್ಯದ ಹೆಚ್ಚಳ ಸೇರಿಸದೆ ಲೆಕ್ಕ ಹಾಕಿದರೆ 4,32,000 ರೂಪಾಯಿ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಮೊಣಕಾಲು ಮಡಚಲಾಗದ ಗಾರೆ ಕೆಲಸದವರು ಸಾರುವೆ ಹತ್ತಬಲ್ಲರೇ? ತಲೆಯ ಮೇಲೆ ಇಟ್ಟಿಗೆ ಹೊತ್ತು ಮೆಟ್ಟಿಲೇರಬಲ್ಲರೇ? ದೇಹದ ಅಂಗವೈಕಲ್ಯ ಬೇರೆ, ದುಡಿಮೆಯ ಶಕ್ತಿಯ ನಷ್ಟ ಬೇರೆ ಎಂದು 2010ರ ರಾಜ್‌ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ದುಡಿಮೆಯ ನಷ್ಟ ಶೇ 40 ಎಂದು ಸಾಬೀತಾದರೆ ಅದೇ ಕಾಲಿಗೆ 11,52,000 ರೂಪಾಯಿ. ಅದೇ ಗಾಯ ಗುಮಾಸ್ತರಿಗೆ ಆಗಿದ್ದರೆ ಶೇ 15ಕ್ಕಿಂತಲೂ ಕಡಿಮೆ ಎನ್ನಿಸಿಕೊಳ್ಳಬಹುದು. ಹಾಗಾಗಿ ‘ಏನು ಕೆಲಸ ಮಾಡುತ್ತಿದ್ದಿರಿ’ ಎಂದು ಕೇಳಿ ‘ಕೂಲಿ’ ಎಂದು ಬರೆದುಕೊಂಡರೆ ಸಾಲದು. ಯಾವ ಕೆಲಸ, ಕೂತು ಮಾಡುವುದೋ ನಿಂತು ಮಾಡುವುದೋ, ಎಷ್ಟು ಭಾರ ಎತ್ತುತ್ತಿದ್ದರು, ಯಾವ ಕೈಯಿಂದ ಎಂಬುದೆಲ್ಲ ಪ್ರಮಾಣಪತ್ರದಲ್ಲಿ ಬರಬೇಕು.

ಇದಕ್ಕೆ ವೈದ್ಯರ ಸಾಕ್ಷ್ಯ ಬೇಕು. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದರೆ ತೂಕ ಹೆಚ್ಚು. ಗಾಯಾಳುವನ್ನು ಒಂದೇ ಸಲ ನೋಡಿ ಶೇಕಡಾವಾರು ಬರೆದುಕೊಟ್ಟವರ ಮಾತನ್ನು ಪಾಟೀ ಸವಾಲು ಬೇಗ ಕೆಡವುತ್ತದೆ. ಆದ್ದರಿಂದ ಈ ವಕೀಲರು ಮೂಳೆಗಳ ಹೆಸರು, ಎಕ್ಸ್‌ರೇ ಓದುವ ಕ್ರಮ, ಮೂಳೆ ಓರೆಯಾಗಿ ಕೂಡಿಕೊಳ್ಳುವುದಕ್ಕೂ ಕೂಡದೇ ಉಳಿಯುವುದಕ್ಕೂ ಇರುವ ವ್ಯತ್ಯಾಸ, ಕೀಲಿನ ಚಲನೆಯನ್ನು ಡಿಗ್ರಿಗಳಲ್ಲಿ ಅಳೆಯುವ ಬಗೆ ಕಲಿತಿರಬೇಕು. ಕಾನೂನು ಕಾಲೇಜು ಇದನ್ನು ಕಲಿಸುವುದಿಲ್ಲ. ಮೂಳೆಗೆ ಹಾಕಿದ ಪ್ಲೇಟು, ಸ್ಕ್ರೂಗಳನ್ನು ಮುಂದೆ ತೆಗೆಯಬೇಕಾಗಿದ್ದರೆ ಆ ವೆಚ್ಚದ ಅಂದಾಜನ್ನೂ ವೈದ್ಯರಿಂದಲೇ ಹೇಳಿಸಬೇಕು. ಪರಿಹಾರ ಸಿಗುವುದು ಒಂದೇ ಸಲ. ಎರಡು ವರ್ಷದ ನಂತರ ಇನ್ನೊಂದು ಶಸ್ತ್ರಚಿಕಿತ್ಸೆಯಾಯಿತೆಂದು ಮತ್ತೆ ಅರ್ಜಿ ಹಾಕುವಂತಿಲ್ಲ. ಗಾಯ ಪೂರ್ತಿ ಮಾಯುವ ಮುನ್ನ ಲೋಕ ಅದಾಲತ್‌ನಲ್ಲಿ ರಾಜಿಯಾಗುವವರು ಇಲ್ಲೇ ಸೋಲುತ್ತಾರೆ. ಅದಾಲತ್ತಿನ ಅವಾರ್ಡಿಗೆ ಮೇಲ್ಮನವಿ ಇಲ್ಲ.

ವಿಮಾ ಕಂಪನಿಯ ತಕರಾರುಗಳಲ್ಲಿ ಎಲ್ಲಕ್ಕೂ ಉತ್ತರವಿದೆ ಎಂದು ಭರವಸೆ ಕೊಡುವ ವಕೀಲರನ್ನು ನಂಬಬೇಡಿ. ಕೆಲವಕ್ಕೆ ಇದೆ. ಲಘು ವಾಹನದ ಪರವಾನಗಿ ಇರುವವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಹೇಳಿದ ಮೇಲೆ ಒಂದು ದೊಡ್ಡ ತಕರಾರು ಬಿದ್ದುಹೋಗಿದೆ. ಪಾಲಿಸಿಯ ಷರತ್ತು ಮುರಿದಿದ್ದರೂ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಎನ್ನುವ ತತ್ವವನ್ನು ನಮ್ಮ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಎತ್ತಿಹಿಡಿದಿದೆ. ಆದರೆ ಮದುವೆ ದಿಬ್ಬಣವನ್ನು ಸರಕು ಸಾಗಣೆಯ ವಾಹನದಲ್ಲಿ ಒಯ್ದಾಗ ಬಿದ್ದವರಿಗೆ ವಿಮಾ ಕಂಪನಿಯಿಂದ ಹಣ ದೊರಕುವುದು ಬಲು ಕಷ್ಟ. ಮೂರನೇ ವ್ಯಕ್ತಿಗಷ್ಟೇ ರಕ್ಷಣೆ ಕೊಡುವ ಅಗ್ಗದ ಪಾಲಿಸಿಯಲ್ಲಿ ಬೈಕಿನ ಹಿಂಬದಿ ಸವಾರರಿಗೆ ರಕ್ಷಣೆ ಇರುವುದಿಲ್ಲ. ಸ್ವಂತ ಅತಿವೇಗದಿಂದ ಸತ್ತವರ ಕುಟುಂಬಕ್ಕೆ 166ನೇ ಕಲಮಿನಡಿ ದಾರಿಯಿಲ್ಲ. ವಾಹನದ ಮಾಲೀಕರೇ ಓಡಿಸುತ್ತಿದ್ದರೆ ಪಾಲಿಸಿಯ ಜೊತೆಗಿನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ನೋಡಬೇಕು. ಅದೆಷ್ಟೋ ಮನೆಗಳಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಗುದ್ದಿದ ವಾಹನ ಪತ್ತೆಯಾಗದಿದ್ದರೆ 161ನೇ ಕಲಮಿನಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಈಗ ಹೇಳಲು ಕಹಿಯಾದ ಮಾತು. ಪರಿಹಾರದಲ್ಲಿ ಪಾಲು ಕೇಳುವುದನ್ನು, ಫಲಿತಾಂಶದ ಮೇಲೆ ಶುಲ್ಕ ನಿಗದಿಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ಸ್ಪಷ್ಟವಾಗಿ ನಿಷೇಧಿಸಿದೆ. ಅಮೆರಿಕದಲ್ಲಿ ಗಾಯಾಳುಗಳ ವಕೀಲರು ಗೆದ್ದ ಮೊತ್ತದಲ್ಲಿ ಪಾಲು ಪಡೆಯುವುದು, ಜಾಹೀರಾತು ಹಾಕುವುದು ಎರಡೂ ಕಾನೂನುಬದ್ಧ; ಇಲ್ಲಿ ಎರಡೂ ದುರ್ನಡತೆ. ಆದರೂ ಆಸ್ಪತ್ರೆಯ ಬಾಗಿಲಲ್ಲಿ ಮಧ್ಯವರ್ತಿಗಳು ನಿಲ್ಲುತ್ತಾರೆ, ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಬರೆದಿರದ ಯಾವ ಹಾಳೆಗೂ ಸಹಿ ಹಾಕಬೇಡಿ. ಶುಲ್ಕ ಎಷ್ಟು, ನಕಲು, ವೈದ್ಯರ ಭತ್ಯೆ ಮುಂತಾದ ಖರ್ಚು ಎಷ್ಟು ಎಂದು ಬರಹದಲ್ಲಿ ಕೇಳಿ, ಪ್ರಕರಣದ ಸಂಖ್ಯೆ ಬರೆದಿಟ್ಟುಕೊಂಡು ಇ-ಕೋರ್ಟ್ಸ್ ಜಾಲತಾಣದಲ್ಲಿ ನೀವೇ ದಿನಾಂಕ ನೋಡಿ. ದೂರು ಇದ್ದರೆ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ಪರಿಷತ್ತಿಗೆ ಕೊಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಪರಿಹಾರ ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೇ ಹೋಗಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿರ್ದೇಶಿಸಿದ್ದು ಈ ದಂಧೆಗೆ ಸ್ವಲ್ಪವಾದರೂ ಕಡಿವಾಣ ಹಾಕಬೇಕು. ಶಿಸ್ತಾಗಿ ಕೆಲಸ ಮಾಡುವ ವಕೀಲರೇ ಇದನ್ನು ಎಲ್ಲರಿಗಿಂತ ಮೊದಲು ಸ್ವಾಗತಿಸಬೇಕು.

ತೀರ್ಪಿನ ನಂತರವೂ ಕೆಲಸ ಉಳಿದಿರುತ್ತದೆ. ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ, ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ, ಮೇಲ್ಮನವಿ. ಹಣ ಕಟ್ಟದಿದ್ದರೆ ತೀರ್ಪನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ. ಸಾರಿಗೆ ಸಂಸ್ಥೆಗಳಿಗೆ ಸ್ವಂತ ನಿಧಿ ಇಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಕಾನೂನಿನಲ್ಲಿ ಅವಕಾಶವಿರುವುದರಿಂದ, ಸಂಸ್ಥೆ ಹಣ ಕಟ್ಟದಿದ್ದಾಗ ಜಪ್ತಿ ಬಸ್ಸಿನವರೆಗೆ ಹೋಗುತ್ತದೆ. ಅಪ್ರಾಪ್ತರ ಪಾಲು ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ. ಹದಿನೆಂಟು ತುಂಬಿದ ಮೇಲೆ ಅದನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕೆಂದು ಆ ಮಕ್ಕಳಿಗೆ ಹೇಳುವವರೇ ಇರುವುದಿಲ್ಲ.

ಮೂರು ಕೆಲಸಗಳಿಗೆ ಹೊಸ ಕಾನೂನು ಬೇಕಿಲ್ಲ. ಒಂದು, ಹಕ್ಕುಗಳ ನಮೂನೆ 2ನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಠಾಣೆ ಮತ್ತು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಡಬೇಕು. ಎರಡು, ಸರ್ಕಾರಿ ವೈದ್ಯರ ಸಾಕ್ಷ್ಯವನ್ನು ಸಾಧ್ಯವಿದ್ದಲ್ಲೆಲ್ಲ ವಿಡಿಯೋ ಕಾನ್ಫರೆನ್ಸ್ ಮೂಲಕ ಪಡೆಯಬೇಕು. ಹೈಕೋರ್ಟಿನ ನಿಯಮ 2020ರಿಂದಲೇ ಇದೆ. ಒಬ್ಬ ವೈದ್ಯರಿಗಾಗಿ ಪ್ರಕರಣ ತಿಂಗಳುಗಟ್ಟಲೆ ನಿಲ್ಲುವುದು ಇದರಿಂದ ತಪ್ಪುತ್ತದೆ. ಮೂರು, ಜಿಲ್ಲಾ ವಕೀಲರ ಸಂಘಗಳು ಜಿಲ್ಲಾ ಆಸ್ಪತ್ರೆಯ ಮೂಳೆ ತಜ್ಞರನ್ನು ಕರೆಸಿ, ಗಾಯದ ಪ್ರಮಾಣಪತ್ರ ಮತ್ತು ಎಕ್ಸ್‌ರೇ ಓದುವುದನ್ನು ಕಿರಿಯ ವಕೀಲರಿಗೆ ಕಲಿಸಬೇಕು. ವರ್ಷಕ್ಕೆ ಎರಡು ಶನಿವಾರ ಮೀಸಲಿಟ್ಟರೂ ಆದೀತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಇದಕ್ಕೆ ಜೊತೆಗೂಡಿದರೆ ಉಚಿತ ಕಾನೂನು ನೆರವಿನ ಪಟ್ಟಿಯಲ್ಲಿರುವ ವಕೀಲರನ್ನೇ ಮೊದಲು ಕೂರಿಸಬಹುದು.

— ಎಂ.ವಿ.ಸಿ. ಪ್ರಕರಣಗಳನ್ನು ನಡೆಸುವ ವಕೀಲರು, ದಾವಣಗೆರೆ